ಪೆನ್ನಿನ ಎಣ್ಣೆ, ಬೆಳಗಿನ ವಾಂತಿ, ಖಾಲಿಯಾಗುವ ಟ್ಯಾಂಕು

ಪ್ರಶ್ನೆ: ನಾವು ಹುಬ್ಬಳ್ಳಿಯವರು. ತಮ್ಮನಿಗೆ 21 ವರ್ಷ, ಎಂಜಿನಿಯರಿಂಗ್ ಕೊನೆಯ ವರ್ಷ. ಒಂದೂವರೆ ವರ್ಷದಿಂದ ಪೆನ್ನಿನಂಥ ವೇಪ್ ಸೇದುತ್ತಿದ್ದಾನೆ. ಕೇಳಿದರೆ "ಇದು ಗಾಂಜಾ ಅಲ್ಲಕ್ಕ, ಅದರ ಎಣ್ಣಿ ಅಷ್ಟ. ಹೊಗಿ ಇಲ್ಲ, ವಾಸನಿ ಇಲ್ಲ, ಪೂರಾ ಕ್ಲೀನ್" ಅನ್ನುತ್ತಾನೆ. (ಎಣ್ಣೆ ಎಂಬ ಮಾತು ಕಿವಿಗೆ ಬಿದ್ದು ಅಪ್ಪ ಕುಡಿತ ಎಂದುಕೊಂಡು ಬೇರೆಯೇ ರಂಪ ಮಾಡಿದರು.) ಮೊದಲು ಒಂದು ಕಾರ್ಟ್ರಿಜ್ (ಪೆನ್ನಿಗೆ ಸಿಕ್ಕಿಸುವ ಎಣ್ಣೆಯ ಕೊಳವೆ) ತಿಂಗಳು ಬರುತ್ತಿತ್ತಂತೆ, ಈಗ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಮೂರು ತಿಂಗಳಿಂದ ಬೆಳಗ್ಗೆ ಏಳುತ್ತಲೇ ವಾಂತಿ. ಪಿತ್ತ ಎಂದು ಎರಡು ಕಡೆ ಔಷಧ ಕೊಡಿಸಿದೆವು, ಎಂಡೋಸ್ಕೋಪಿಯೂ ಆಯಿತು, ಏನೂ ಸಿಗಲಿಲ್ಲ. ವಾಂತಿಯಾದ ದಿನ ಗೀಸರ್ ಹಚ್ಚಿಕೊಂಡು ಬಚ್ಚಲಿಗೆ ಹೋದರೆ ಒಂದು ತಾಸು ಹೊರಗೆ ಬರುವುದಿಲ್ಲ. ವಾರಕ್ಕೊಮ್ಮೆ ಬರುವ ನೀರಿನಿಂದ ತುಂಬಿಟ್ಟ ಟ್ಯಾಂಕು ಮೂರೇ ದಿನಕ್ಕೆ ಖಾಲಿ. ಈಚೆಗೆ ಗೆಳೆಯರೆಲ್ಲ ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ ಎಂಬ ಅನುಮಾನವೂ ಶುರುವಾಗಿದೆ. "ಸಾಧುಗಳು ಜೀವಮಾನವೆಲ್ಲ ಚಿಲುಮೆ ಸೇದಿದರಲ್ಲ, ಅವರಿಗೇನಾತು?" ಎಂದು ನಮಗೇ ತಿರುಗಿ ಕೇಳುತ್ತಾನೆ. ಇದು ಎಷ್ಟು ಅಪಾಯ? ಏನು ಮಾಡಬೇಕು? ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ವೈದ್ಯರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಮಾತು ಆ ಖಾಲಿ ಟ್ಯಾಂಕಿನದು. ಬೆಳಗಿನ ವಾಂತಿಗೆ ಹತ್ತಾರು ಕಾರಣ ಇರಬಹುದು. ಆದರೆ ವರ್ಷಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವೂ ಗಾಂಜಾ ಬಳಸಿದವರಿಗೆ ಬಿಟ್ಟುಬಿಟ್ಟು ವಾಂತಿಯ ಸರದಿ ಬರುತ್ತಿದ್ದರೆ, ಸುಡುವಷ್ಟು ಬಿಸಿನೀರು ಮೈಮೇಲೆ ಬಿದ್ದಾಗ ಮಾತ್ರ ಆರಾಮ ಸಿಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಕ್ಯಾನಬಿನಾಯ್ಡ್ ಹೈಪರೆಮೆಸಿಸ್ ಸಿಂಡ್ರೋಮ್ ಎಂಬ ಕಾಯಿಲೆಯನ್ನು. ಇದನ್ನು ಮೊದಲು ವಿವರವಾಗಿ ಬರೆದವರು ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು, 2004ರಲ್ಲಿ. ಎಂಡೋಸ್ಕೋಪಿಯಲ್ಲಿ ಏನೂ ಕಾಣದಿರುವುದು ಇದರಲ್ಲಿ ಸಾಮಾನ್ಯ. ಗಾಂಜಾದ ವಿಷಯ ಯಾರೂ ಕೇಳುವುದಿಲ್ಲ, ಹುಡುಗ ತಾನಾಗಿ ಹೇಳುವುದಿಲ್ಲ. ಹಾಗಾಗಿ ಗ್ಯಾಸ್ಟ್ರಿಕ್, ಪಿತ್ತ, ಅಲ್ಸರ್ ಎಂದು ಮಾತ್ರೆ ಬದಲಾಗುತ್ತಲೇ ಇರುತ್ತವೆ.

ಬಿಸಿನೀರು ಯಾಕೆ ಹಿತವಾಗುತ್ತದೆ? ಚರ್ಮದಲ್ಲೂ ಹೊಟ್ಟೆಯ ನರಗಳಲ್ಲೂ ಟಿಆರ್‌ಪಿವಿ1 ಎಂಬ ಗ್ರಾಹಕಗಳಿವೆ, ಅಂದರೆ ಸಂಕೇತ ಹಿಡಿಯುವ ಅಣುಗಳು. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ಅವು ಎಚ್ಚೆತ್ತುಕೊಳ್ಳುತ್ತವೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ಗೂ ಅವು ಹಾಗೆಯೇ ಸ್ಪಂದಿಸುತ್ತವೆ. ದೀರ್ಘಕಾಲದ ಗಾಂಜಾ ಬಳಕೆಯಿಂದ ಹದಗೆಟ್ಟ ಈ ವ್ಯವಸ್ಥೆಯನ್ನು ಬಿಸಿನೀರು ತಾತ್ಕಾಲಿಕವಾಗಿ ಸರಿಮಾಡುತ್ತದೆ ಎಂಬುದು ಈಗಿನ ವಿವರಣೆ. ಅದಕ್ಕೇ ಇಂಥ ರೋಗಿಗಳ ಹೊಟ್ಟೆಯ ಮೇಲೆ ಕ್ಯಾಪ್ಸೈಸಿನ್ ಮುಲಾಮು ಹಚ್ಚುವ ರೂಢಿ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಂದಿದೆ. ಅಡುಗೆಮನೆಯ ಖಾರದಪುಡಿ ಕಲಸಿ ಹಚ್ಚಲು ಹೋಗಬೇಡಿ. ಚರ್ಮ ಸುಟ್ಟುಕೊಳ್ಳುವುದೊಂದೇ ಲಾಭ. ವೈದ್ಯರು ಹೇಳಿದ ಪ್ರಮಾಣದ ಮುಲಾಮು, ಅದೂ ಕೈಗವಸು ಹಾಕಿಕೊಂಡು.

ಇಲ್ಲಿ ಒಂದು ಬಲೆ ಇದೆ. ಕಡಿಮೆ ಪ್ರಮಾಣದ ಗಾಂಜಾ ಅಂಶ ವಾಕರಿಕೆ ತಡೆಯುತ್ತದೆ. ಕ್ಯಾನ್ಸರ್ ಕಿಮೋಥೆರಪಿಯ ವಾಂತಿಗೆ ಕೆಲವು ದೇಶಗಳಲ್ಲಿ ಅದರದೇ ಮಾತ್ರೆ ಇದೆ. ನಿಮ್ಮ ತಮ್ಮನಿಗೆ ಇದು ಗೊತ್ತಿರುವ ಸಾಧ್ಯತೆ ಹೆಚ್ಚು. ಹೊಟ್ಟೆ ತೊಳಸಿದಾಗ "ಎರಡು ಪಫ್ ಎಳೆದರೆ ಸರಿಹೋಗುತ್ತದೆ" ಎಂದು ಎಳೆಯುತ್ತಾನೆ, ಒಂದರ್ಧ ಗಂಟೆ ಸರಿಯಾದಂತೆಯೂ ಅನಿಸುತ್ತದೆ. ಆದರೆ ತಿಂಗಳುಗಟ್ಟಲೆ ಭಾರಿ ಪ್ರಮಾಣದಲ್ಲಿ ಬಳಸಿದ ಮೇಲೆ ಪರಿಣಾಮ ತಿರುವುಮುರುವಾಗಿರುತ್ತದೆ. ಔಷಧ ಎಂದು ಎಳೆದದ್ದೇ ಮುಂದಿನ ಸರದಿಗೆ ದಾರಿ ಮಾಡುತ್ತದೆ.

ಅಪಾಯ ವಾಂತಿಯಿಂದ ಅಲ್ಲ, ಅದರಿಂದ ಒಣಗುವ ದೇಹದಿಂದ. ಒಂದು ತಾಸು ಬಿಸಿನೀರಿನಲ್ಲಿ ನಿಂತರೆ ಬೆವರಿ ನೀರು ಇನ್ನಷ್ಟು ಹೋಗುತ್ತದೆ. ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ಏರುಪೇರಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಎಂಟು ತಾಸು ಮೂತ್ರವೇ ಆಗದಿದ್ದರೆ, ಕುಡಿದ ನೀರು ಒಂದು ಗುಟುಕೂ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಬಂದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಬಿದ್ದರೆ ಅದು ಮನೆಮದ್ದಿನ ಹೊತ್ತಲ್ಲ. ನೇರ ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಕಿಮ್ಸ್‌ನ (ಈಗಿನ ಹೆಸರು ಕೆಎಂಸಿ–ಆರ್‌ಐ) ತುರ್ತು ವಿಭಾಗ, ಅಥವಾ 108 ಆಂಬುಲೆನ್ಸ್. ಅಲ್ಲಿ ಸಲೈನ್ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕು. ಅಪೆಂಡಿಕ್ಸ್, ಪ್ಯಾಂಕ್ರಿಯಾಸ್ ಉರಿಯೂತ ಇಲ್ಲ ಎಂದು ಖಾತ್ರಿಪಡಿಸಿಕೊಳ್ಳಬೇಕು. ಗಾಂಜಾ ಬಳಸುತ್ತಾನೆ ಎಂದ ಮಾತ್ರಕ್ಕೆ ಎಲ್ಲ ಹೊಟ್ಟೆನೋವನ್ನೂ ಅದರ ತಲೆಗೆ ಕಟ್ಟುವುದು ಕೂಡ ತಪ್ಪೇ. ವಾಂತಿಗೆ ಎಲ್ಲ ಕಡೆ ಕೊಡುವ ಒಂಡಾನ್ಸೆಟ್ರಾನ್ ಈ ಕಾಯಿಲೆಯಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹ್ಯಾಲೋಪೆರಿಡಾಲ್‌ನಂಥ ಬೇರೆ ಔಷಧ ಬೇಕಾಗಬಹುದು. ಗಾಂಜಾದ ವಿಷಯ ಮುಚ್ಚಿಟ್ಟರೆ ವೈದ್ಯರು ಆ ದಾರಿಯನ್ನೇ ಹಿಡಿಯುವುದಿಲ್ಲ.

ಅಷ್ಟು ತೀವ್ರ ಇಲ್ಲದ ದಿನ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದನ್ನು ಒಂದು ಲೀಟರ್ ನೀರಿಗೆ ಕರಗಿಸಿ, ಐದೈದು ನಿಮಿಷಕ್ಕೆ ಒಂದೆರಡು ಚಮಚ ಕುಡಿಸಿ. ಲೋಟಗಟ್ಟಲೆ ಒಮ್ಮೆಗೇ ಕುಡಿದರೆ ಅದೂ ಹೊರಗೆ ಬರುತ್ತದೆ. ಇನ್ನೊಂದು ಮಾತು: ನಿಮ್ಮದು ಗ್ಯಾಸ್ ಗೀಸರ್ ಆಗಿದ್ದರೆ, ಅದೂ ಬಚ್ಚಲಿನೊಳಗೇ ಇದ್ದರೆ, ಬಾಗಿಲು ಕಿಟಕಿ ಹಾಕಿಕೊಂಡು ಒಂದು ತಾಸು ಉರಿಸುವುದು ವೇಪ್‌ಗಿಂತ ಮೊದಲು ಜೀವ ತೆಗೆಯಬಲ್ಲದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೀಸರ್ ಹೊರಗೆ ಹಾಕಿಸುವವರೆಗೆ ನೀರು ಬಕೆಟ್‌ಗೆ ತುಂಬಿಸಿ, ಉರಿ ಆರಿಸಿ, ಆಮೇಲೆ ಒಳಗೆ ಹೋಗಲಿ. ಚಿಲಕ ಹಾಕುವುದು ಬೇಡ.

ಇದು ವಾಸಿಯಾಗುವ ಕಾಯಿಲೆ, ಆದರೆ ದಾರಿ ಒಂದೇ: ಗಾಂಜಾ ಅಂಶ ಪೂರ್ತಿ ನಿಲ್ಲಬೇಕು. ಕಡಿಮೆ ಮಾಡಿದರೆ ಸಾಲದು. ಬಿಟ್ಟ ಮೇಲೆ ಆರು ತಿಂಗಳಾದರೂ, ಅಥವಾ ಮೊದಲು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತೋ ಅಂಥ ಮೂರು ಸರದಿಗಳ ಕಾಲವಾದರೂ ವಾಂತಿ ಬಾರದಿದ್ದರೆ ರೋಗನಿರ್ಣಯ ಖಚಿತವಾದಂತೆ. ಎರಡು ವಾರ ಬಿಟ್ಟು "ನೋಡು, ಬಿಟ್ಟರೂ ವಾಂತಿ ಆತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ತೀರ್ಪು ಕೊಡುವುದು ಎಲ್ಲರೂ ಮಾಡುವ ತಪ್ಪು.

ಈಗ "ಇದು ಗಾಂಜಾ ಅಲ್ಲ, ಎಣ್ಣೆ" ಎಂಬ ಮಾತಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿ ನಿಮಗೆ ಗೊತ್ತು. ಸಾರಿಗೆ ಎಂಟು ಹತ್ತು ಕಾಯಿ ಹುರಿದು ಹಾಕಿದರೂ ಬಣ್ಣ ಬರುತ್ತದೆ, ಬಾಯಿ ಸುಡುವುದಿಲ್ಲ. ಅದೇ ಬ್ಯಾಡಗಿಯ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಕಾಯಿಯಿಂದ ಓಲಿಯೋರೆಸಿನ್ ಎಂಬ ದಪ್ಪ ರಸ ತೆಗೆಯುತ್ತಾರೆ. ಚೀಲಗಟ್ಟಲೆ ಕಾಯಿಯ ಸತ್ವ ಒಂದು ಸಣ್ಣ ಡಬ್ಬಿಯಲ್ಲಿ ಕೂರುತ್ತದೆ. ಅದನ್ನು ಬೆರಳಲ್ಲಿ ಅದ್ದಿ ನೆಕ್ಕಿ "ಇದು ಮೆಣಸಿನಕಾಯಿ ಅಲ್ಲ, ಅದರ ಎಣ್ಣೆ ಅಷ್ಟೆ" ಎಂದರೆ ನಾಲಿಗೆ ಒಪ್ಪೀತೇ? ಗಾಂಜಾ ಕಾನ್ಸಂಟ್ರೇಟ್ ಎಂದರೆ ಇದೇ ಲೆಕ್ಕ. ವ್ಯಾಕ್ಸ್, ಶ್ಯಾಟರ್, ಡ್ಯಾಬ್, ಹ್ಯಾಶ್ ಆಯಿಲ್, ಕಾರ್ಟ್ ಎಂದು ಹೆಸರು ಹಲವು. ಎಲ್ಲದರೊಳಗೂ ಇರುವುದು ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ, ಸಾಮಾನ್ಯವಾಗಿ ನೂರಕ್ಕೆ 60ರಿಂದ 90ರಷ್ಟು.

ನಿಮ್ಮ ತಮ್ಮನದೇ ಲೆಕ್ಕ ಹಾಕಿ ನೋಡಿ. ಅವನು ಎಂಜಿನಿಯರಿಂಗ್ ಹುಡುಗ, ಕಾಗದ ಪೆನ್ಸಿಲ್ ಕೊಟ್ಟು ಅವನಿಂದಲೇ ಹಾಕಿಸಿದರೆ ಇನ್ನೂ ಒಳ್ಳೆಯದು. ಒಂದು ಮಿಲಿಲೀಟರ್ ಕಾರ್ಟ್ರಿಜ್ ಹತ್ತಿರ ಹತ್ತಿರ ಒಂದು ಗ್ರಾಂ. ಶೇ 80 ಎಂದುಕೊಂಡರೆ ಅದರಲ್ಲಿ 800 ಮಿಲಿಗ್ರಾಂ ಟಿಎಚ್‌ಸಿ. ತಿಂಗಳಿಗೊಂದು ಮುಗಿಯುತ್ತಿದ್ದಾಗ ದಿನಕ್ಕೆ ಸುಮಾರು 27 ಮಿಲಿಗ್ರಾಂ. ಈಗ ನಾಲ್ಕೈದು ದಿನಕ್ಕೆ ಮುಗಿದರೆ ದಿನಕ್ಕೆ 160ರಿಂದ 200. ಒಂದೂವರೆ ವರ್ಷದಲ್ಲಿ ಆರೇಳು ಪಟ್ಟು. ಹಳೆಯ ಕಾಲದ ಶೇ 5ರ ಗಾಂಜಾ 0.3 ಗ್ರಾಂ ಹಾಕಿ ಸುತ್ತಿದ ಒಂದು ಬೀಡಿಯಲ್ಲಿ 15 ಮಿಲಿಗ್ರಾಂ ಇರುತ್ತದೆ. ಅಂದರೆ ಅವನ ಒಂದು ದಿನದ ಪೆನ್ನು ಅಂಥ ಹನ್ನೊಂದು ಹದಿಮೂರು ಬೀಡಿಗೆ ಸಮ. ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಸ್ಥೆ 2021ರಲ್ಲಿ ಸಂಶೋಧನೆಯ ಅಳತೆಗೆಂದು ಗೊತ್ತುಮಾಡಿದ ಒಂದು ಘಟಕ 5 ಮಿಲಿಗ್ರಾಂ. ಆ ಲೆಕ್ಕಕ್ಕೆ ದಿನಕ್ಕೆ 32ರಿಂದ 40 ಘಟಕ. ಎಳೆದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ ನಿಜ. ಆದರೆ ಬೀಡಿಯಲ್ಲಿ ಉರಿದು ಗಾಳಿಗೆ ಹೋಗುವ ಭಾಗವೇ ದೊಡ್ಡದು, ಪೆನ್ನಿನಲ್ಲಿ ಅಷ್ಟು ಹೋಗುವುದಿಲ್ಲ. ಹೋಲಿಕೆ ಇನ್ನಷ್ಟು ಪೆನ್ನಿನ ವಿರುದ್ಧವೇ ವಾಲುತ್ತದೆ.

ಬೀಡಿ ಗಂಟಲು ಸುಡುತ್ತದೆ, ಕೆಮ್ಮು ಬರುತ್ತದೆ, ವಾಸನೆಗೆ ರೂಮಿನ ಮಾಲೀಕ ಬಾಗಿಲು ಬಡಿಯುತ್ತಾನೆ. ಇವೆಲ್ಲ ಒಂದು ರೀತಿಯ ಬ್ರೇಕು. ಪೆನ್ನಿಗೆ ಆ ಬ್ರೇಕೇ ಇಲ್ಲ. ಹಾಸಿಗೆಯಲ್ಲಿ ಕಣ್ಣು ಬಿಡುತ್ತಲೇ ಒಂದು ಪಫ್, ಚಿಗರಿ ಬಸ್ಸು ಹತ್ತುವ ಮುಂಚೆ ಒಂದು, ಲ್ಯಾಬಿನ ನಡುವೆ ಒಂದು. "ವಾಸನಿ ಇಲ್ಲ" ಎಂದು ಅವನು ಮೆಚ್ಚಿಕೊಳ್ಳುವ ಗುಣವೇ ದಿನಕ್ಕೆರಡು ಸಲದ್ದನ್ನು ಇಪ್ಪತ್ತು ಸಲ ಮಾಡಿದೆ. ಆದರೂ ಅವನು "ನನಗೆ ಅಷ್ಟು ಏರುವುದಿಲ್ಲ" ಎಂದರೆ ಸುಳ್ಳು ಹೇಳುತ್ತಿಲ್ಲ. ಕೊಲರಾಡೊದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾನ್ಸಂಟ್ರೇಟ್ ಬಳಸಿದವರ ರಕ್ತದಲ್ಲಿ ಗಾಂಜಾದ ಒಣ ಹೂವು ಸೇದಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಟಿಎಚ್‌ಸಿ ಇತ್ತು. ಅಮಲು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಮಿದುಳಿನ ಗ್ರಾಹಕಗಳು ಜಡ್ಡುಗಟ್ಟಿದ ಲಕ್ಷಣ ಇದು. ಗಾಂಜಾ ಕಾನೂನುಬದ್ಧವಾಗಿರುವ ಆ ರಾಜ್ಯ ಕೂಡ 2021ರಲ್ಲಿ ಕಾನ್ಸಂಟ್ರೇಟ್ ಖರೀದಿಗೆ ದಿನದ ಮಿತಿ ಬಿಗಿಮಾಡಿತು: ದೊಡ್ಡವರಿಗೆ 8 ಗ್ರಾಂ, ವೈದ್ಯಕೀಯ ಚೀಟಿ ಇರುವ 18ರಿಂದ 20ರ ವಯಸ್ಸಿನವರಿಗೆ 2 ಗ್ರಾಂ.

ಸಾಧುಗಳ ವಾದಕ್ಕೂ ಉತ್ತರ ಇಲ್ಲೇ ಇದೆ. ಸ್ವಲ್ಪ ಓದಿಕೊಂಡ ಹುಡುಗರು ಗಾಂಜಾ ಬಳಕೆಯ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ 1893–94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಹೆಸರನ್ನೂ ಎತ್ತುತ್ತಾರೆ. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ ಎಂದು ಆ ಆಯೋಗ ಹೇಳಿದ್ದು ಹೌದು. ಅತಿಯಾದರೆ ಕೇಡಿದೆ ಎಂದೂ ಅದೇ ವರದಿ ಹೇಳುತ್ತದೆ, ಆ ಸಾಲು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಆಯೋಗ ನೋಡಿದ್ದು ಭಂಗಿ, ಗಾಂಜಾ, ಮತ್ತು ಆ ಗಿಡದ ಅಂಟಾದ ಚರಸ್. ಬ್ಯಾಟರಿಯಿಂದ ಕಾಯುವ ಶೇ 80ರ ಎಣ್ಣೆ ಆಗ ಇರಲಿಲ್ಲ. ಹಳೆಯ ತಳಿಗಳಲ್ಲಿ, ಅದರಲ್ಲೂ ಚರಸ್‌ನಲ್ಲಿ, ಟಿಎಚ್‌ಸಿಯ ಜೊತೆಗೆ ಸಿಬಿಡಿ ಎಂಬ ಇನ್ನೊಂದು ಅಂಶವೂ ಇರುತ್ತಿತ್ತು. ಅದು ಅಮಲು ತರುವುದಿಲ್ಲ. ಈಗಿನ ಎಣ್ಣೆಯಲ್ಲಿ ಅದು ಇರುವುದೇ ಅಪರೂಪ. ಇನ್ನು, ತಲೆಕೆಟ್ಟು ಮನೆ ಸೇರಿದ ಸಾಧುವಿನ ಕಥೆಯನ್ನು ಜಾತ್ರೆಯಲ್ಲಿ ಯಾರೂ ಹೇಳುವುದಿಲ್ಲ.

ವಾಂತಿಗಿಂತ ನನಗೆ ಹೆಚ್ಚು ಕಾಳಜಿ ಹುಟ್ಟಿಸುವುದು ನೀವು ಕೊನೆಗೆ ಒಂದೇ ಸಾಲಿನಲ್ಲಿ ಬರೆದ ಆ ಅನುಮಾನ. ಸೇದಿದ ಎರಡು ಮೂರು ತಾಸು ಎಲ್ಲರೂ ತನ್ನನ್ನೇ ನೋಡುತ್ತಾರೆ ಅನಿಸಿ, ಆಮೇಲೆ ಅವನೇ ನಕ್ಕುಬಿಟ್ಟರೆ ಅದು ಅಮಲಿನ ಭಾಗ. ಪೆನ್ನು ಮುಟ್ಟದ ದಿನವೂ ಅದೇ ಅನುಮಾನ ಉಳಿದರೆ, "ಇರಲಿಕ್ಕಿಲ್ಲ ಬಿಡು" ಎಂದು ನೀವು ಹೇಳಿದಾಗ ಒಪ್ಪದೆ ನಿಮ್ಮ ಮೇಲೂ ಸಂಶಯ ತಿರುಗಿದರೆ, ಗೆಳೆಯರ ಗುಂಪಿನ ಮೆಸೇಜಿನಲ್ಲಿ ತನಗೆಂದೇ ಗುಪ್ತ ಅರ್ಥ ಕಾಣತೊಡಗಿದರೆ ಅದು ಸೈಕೋಸಿಸ್‌ನ, ಅಂದರೆ ಚಿತ್ತವಿಕಲತೆಯ ಆರಂಭ ಇರಬಹುದು. ಇದೇ ವಾರ ಮನೋವೈದ್ಯರು ನೋಡಬೇಕು. ಯಾರೂ ಇಲ್ಲದಾಗ ದನಿ ಕೇಳಿಸಿದರೆ, ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದಿದ್ದರೆ, ಸಾಯುವ ಅಥವಾ ಯಾರಿಗಾದರೂ ಹೊಡೆಯುವ ಮಾತು ಬಂದರೆ ವಾರ ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ.

2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಅಧ್ಯಯನ ಯುರೋಪಿನ ಮತ್ತು ಬ್ರೆಜಿಲ್‌ನ 11 ಕಡೆಗಳಲ್ಲಿ ಮೊದಲ ಸಲ ಸೈಕೋಸಿಸ್ ಬಂದ 901 ಜನರನ್ನು, ಹೋಲಿಕೆಗೆಂದು 1,237 ಆರೋಗ್ಯವಂತರನ್ನು ನೋಡಿತ್ತು. ದಿನವೂ ಗಾಂಜಾ ಬಳಸುವವರಲ್ಲಿ ಸೈಕೋಸಿಸ್‌ನ ಸಾಧ್ಯತೆ ಎಂದೂ ಬಳಸದವರಿಗಿಂತ ಸುಮಾರು ಮೂರು ಪಟ್ಟು. ಶೇ 10ಕ್ಕಿಂತ ಹೆಚ್ಚು ಟಿಎಚ್‌ಸಿ ಇರುವುದನ್ನು ದಿನವೂ ಬಳಸುವವರಲ್ಲಿ ಹತ್ತಿರ ಹತ್ತಿರ ಐದು ಪಟ್ಟು. ಅಲ್ಲಿ "ತೀವ್ರ" ಎಂದು ಗೆರೆ ಎಳೆದದ್ದು ಶೇ 10ಕ್ಕೆ ಎಂಬುದನ್ನು ಗಮನಿಸಿ. ನಿಮ್ಮ ತಮ್ಮನ ಪೆನ್ನು ಅದರ ಎಂಟು ಪಟ್ಟು. ಸೇದಿದವರಿಗೆಲ್ಲ ಹುಚ್ಚು ಹಿಡಿಯುತ್ತದೆ ಎಂದು ಇದರ ಅರ್ಥ ಅಲ್ಲ, ಬಹುಪಾಲು ಜನರಿಗೆ ಹಾಗಾಗುವುದಿಲ್ಲ. ಆದರೆ ಗಾಂಜಾದಿಂದ ಒಮ್ಮೆ ಸೈಕೋಸಿಸ್ ಬಂದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮುಂದೆ ಸ್ಕಿಜೋಫ್ರೇನಿಯಾ ಎಂಬ ದೀರ್ಘಕಾಲದ ತೀವ್ರ ಮಾನಸಿಕ ಕಾಯಿಲೆ ಆಗುತ್ತದೆ. ಗಂಡುಮಕ್ಕಳಲ್ಲಿ ಆ ಕಾಯಿಲೆ ಕಾಣಿಸಿಕೊಳ್ಳುವುದೇ ಹದಿನೆಂಟು ಇಪ್ಪತ್ತೈದರ ಆಸುಪಾಸಿನಲ್ಲಿ, ಯೋಚಿಸಿ ತಡೆಯುವ ಮಿದುಳಿನ ಮುಂಭಾಗ ಬಲಿಯುವುದು ಕೂಡ 25ರ ಹೊತ್ತಿಗೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಅಪಾಯ ಇನ್ನೂ ಹೆಚ್ಚು. "ನಮ್ಮ ಕಾಕಾ ಒಬ್ಬರಿಗೆ ಮೈಮೇಲೆ ಬರ್ತಿತ್ತು, ಒಬ್ಬರೇ ಮಾತಾಡ್ತಿದ್ರು" ಎಂದು ಮನೆಯಲ್ಲಿ ಹೇಳಿ ಮುಗಿಸಿದ ಸಂಗತಿಗಳಿದ್ದರೆ ಅವನ್ನೂ ವೈದ್ಯರಿಗೆ ತಿಳಿಸಿ.

ಶ್ವಾಸಕೋಶ, ಹೃದಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ 2019ರಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2020ರ ಫೆಬ್ರುವರಿಯ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಕಾಳಸಂತೆಯ ಟಿಎಚ್‌ಸಿ ಕಾರ್ಟ್ರಿಜ್‌ಗೆ ಎಣ್ಣೆ ದಪ್ಪವಾಗಿ ಕಾಣಲೆಂದು ಬೆರೆಸಿದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವಾಗಿತ್ತು. ನಮ್ಮಲ್ಲಿ ಇ–ಸಿಗರೇಟಿನ ಮಾರಾಟ, ಸಂಗ್ರಹ ಎಲ್ಲ 2019ರಿಂದ ನಿಷಿದ್ಧ. ಅಂದಮೇಲೆ ಇಲ್ಲಿ ಸಿಗುವ ಪ್ರತಿ ಕಾರ್ಟ್ರಿಜ್ಜೂ ಕಾಳಸಂತೆಯದೇ, ಹೊದಿಕೆಯ ಮೇಲಿನ ಶೇಕಡಾವಾರು ಅಂಕಿಯನ್ನು ಯಾರೂ ಪರೀಕ್ಷಿಸಿಲ್ಲ. ಗಾಂಜಾವೇ ಇಲ್ಲದೆ, ಅದಕ್ಕಿಂತ ಎಷ್ಟೋ ಪಟ್ಟು ತೀವ್ರವಾದ ಸಿಂಥೆಟಿಕ್ ರಾಸಾಯನಿಕ ತುಂಬಿದ್ದರೂ ಗೊತ್ತಾಗುವುದಿಲ್ಲ. ಅದು ಮೆಡಿಕಲ್ ಅಂಗಡಿಯ ಮೂತ್ರ ಪರೀಕ್ಷೆಯ ಪಟ್ಟಿಯಲ್ಲೂ ಸಿಕ್ಕಿಬೀಳುವುದಿಲ್ಲ. ಜ್ವರ, ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಬಂದರೆ ಎಕ್ಸ್‌ರೇ ಬೇಕು. ಎದೆನೋವು ಬಂದರೆ ವಯಸ್ಸು 21 ಎಂದು ಸುಮ್ಮನಿರದೆ ಇಸಿಜಿ ಮಾಡಿಸಿ.

ಎಣ್ಣೆಯಿಂದ ಮಾಡಿದ ಚಾಕೊಲೇಟು, ಗಮ್ಮಿಗಳ ಕಥೆ ಬೇರೆ. ತಿಂದದ್ದು ಏರಲು ಅರ್ಧ ತಾಸಿನಿಂದ ಎರಡು ತಾಸು ಬೇಕು. "ಏನೂ ಆಗ್ಲಿಲ್ಲ" ಎಂದು ಇನ್ನೊಂದು ತಿಂದು, ಎರಡೂ ಒಟ್ಟಿಗೆ ಏರಿ ಎಂಟು ಹತ್ತು ತಾಸು ಒದ್ದಾಡುವವರೇ ಹೆಚ್ಚು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಫ್ರಿಜ್ಜಿನಲ್ಲಿ ಅಂಥದ್ದು ಇದೆಯೇ ಎಂದು ಇವತ್ತೇ ನೋಡಿ.

ಇನ್ನು ಮಾಡಬೇಕಾದ್ದು. ಮಾತಾಡುವ ಹೊತ್ತು ಆರಿಸಿಕೊಳ್ಳಿ. ಬಚ್ಚಲ ಬಾಗಿಲಲ್ಲಿ ನಿಂತು, ಅಪ್ಪನ ಎದುರು, ಅವನು ಅಮಲಿನಲ್ಲಿರುವಾಗ ಬೇಡ. ವಾಂತಿಯ ಮರುದಿನ ಸಂಜೆ ಅತ್ಯುತ್ತಮ. ಅವನಿಗೂ ಆಗ ಸಾಕುಸಾಕಾಗಿರುತ್ತದೆ. "ಗಾಂಜಾ ಬಿಡು" ಎಂದು ಶುರುಮಾಡಿದರೆ ಸಾಧುಗಳಿಂದ ಹಿಡಿದು ಅಮೆರಿಕದವರೆಗೆ ವಾದ ನಡೆಯುತ್ತದೆ. "ವಾಂತಿಗೆ ಕಾರಣ ಸಿಕ್ಕಿರಬಹುದು, ಡಾಕ್ಟರಿಗೆ ತೋರಿಸೋಣ" ಎಂದರೆ ವಾದಕ್ಕೆ ಜಾಗವೇ ಇಲ್ಲ. ಕೇಳಬೇಕಾದ ಪ್ರಶ್ನೆ ಎರಡೇ: ಒಂದು ಕಾರ್ಟ್ ಎಷ್ಟು ದಿನ ಬರುತ್ತದೆ, ಎದ್ದ ಎಷ್ಟು ಹೊತ್ತಿಗೆ ಮೊದಲ ಪಫ್. ಎದ್ದ ಅರ್ಧ ತಾಸಿನೊಳಗೆ ಎಂದರೆ ಅವಲಂಬನೆ ಗಟ್ಟಿಯಾಗಿದೆ ಎಂದು ಲೆಕ್ಕ. ಗಾಂಜಾ ಚಟವಾಗುವುದಿಲ್ಲ ಎಂಬುದು ಹಳೆಯ ನಂಬಿಕೆ. ಬಳಸಿದವರಲ್ಲಿ ಸುಮಾರು ಶೇ 9 ಜನರಿಗೆ, ಹದಿಹರೆಯದಲ್ಲೇ ಶುರುಮಾಡಿದವರಲ್ಲಿ ಶೇ 17 ಜನರಿಗೆ, ದಿನವೂ ಬಳಸುವವರಲ್ಲಿ ಶೇ 25ರಿಂದ 50 ಜನರಿಗೆ ಅದು ವ್ಯಸನವಾಗುತ್ತದೆ ಎಂಬುದು ಅಮೆರಿಕದ ಅಂದಾಜು.

ವಾಂತಿ ಮತ್ತು ಅನುಮಾನ ಎರಡೂ ಇರುವಾಗ ನಿಧಾನಕ್ಕೆ ಕಡಿಮೆ ಮಾಡುವ ದಾರಿ ನಾನು ಹೇಳುವುದಿಲ್ಲ. ಪೂರ್ತಿ ನಿಲ್ಲಿಸಬೇಕು, ವೈದ್ಯರ ಕಣ್ಣಳತೆಯಲ್ಲಿ. ಬಿಟ್ಟ ಮೊದಲ ಒಂದರಿಂದ ಮೂರು ದಿನದೊಳಗೆ ಸಿಟ್ಟು, ಚಡಪಡಿಕೆ, ಬೆವರು, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲಿ ತುದಿ ಮುಟ್ಟಿ, ಎರಡು ವಾರಕ್ಕೆ ಬಹುಪಾಲು ಇಳಿಯುತ್ತದೆ. ನಿದ್ದೆ ಮಾತ್ರ ತಿಂಗಳಾದರೂ ಸತಾಯಿಸಬಹುದು, ವಿಚಿತ್ರ ಕನಸುಗಳು ಬೀಳುತ್ತವೆ. ಇದು ಮೊದಲೇ ಗೊತ್ತಿದ್ದರೆ ನಾಲ್ಕನೇ ದಿನ ಅವನು ತಟ್ಟೆ ನೂಕಿದಾಗ ಮನೆಯವರು ಯುದ್ಧಕ್ಕೆ ನಿಲ್ಲುವುದಿಲ್ಲ. ಮಜ್ಜಿಗೆ, ಗಂಜಿ, ಬಾಳೆಹಣ್ಣು, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಕೊಡಿ. ಸಂಜೆ ಐದರ ಮೇಲೆ ಚಹಾ ಬೇಡ. ಪೆನ್ನು ಬಿಟ್ಟ ಕೈ ಗುಟ್ಕಾ ಚೀಟಿಗೆ ಹೋಗುವುದು ನಮ್ಮ ಕಡೆ ತೀರಾ ಸಾಮಾನ್ಯ, ಅದರ ಮೇಲೆ ಕಣ್ಣಿರಲಿ. ನಿದ್ದೆ ಬರುತ್ತಿಲ್ಲ ಎಂದು ಅಂಗಡಿಯಿಂದ ತಾವೇ ನಿದ್ದೆ ಮಾತ್ರೆ ತಂದು ಕೊಡಬೇಡಿ. ಒಂದು ಚಟ ಹೋಗಿ ಇನ್ನೊಂದು ಕೂರುತ್ತದೆ. ಗಾಂಜಾ ಚಟಕ್ಕೆಂದೇ ಮಂಜೂರಾದ ಮಾತ್ರೆ ಯಾವುದೂ ಇಲ್ಲ. ಕೆಲಸ ಮಾಡುವುದು ಆಪ್ತಸಮಾಲೋಚನೆ, ಅದೂ ವಾರವಾರ ತಪ್ಪದೆ ಕೆಲವು ತಿಂಗಳು. ಎಳೆಯಬೇಕು ಅನಿಸುವ ಹೊತ್ತು, ಜಾಗ, ಗೆಳೆಯರನ್ನು ಗುರುತಿಸಿ ಒಂದೊಂದಕ್ಕೂ ಬದಲಿ ಹುಡುಕುವ ಕೆಲಸ ಅದು. ರಹಸ್ಯವಾಗಿ ಮೂತ್ರ ಪರೀಕ್ಷೆ ಮಾಡಿಸುವ ಯೋಚನೆ ಇದ್ದರೆ ಬಿಡಿ. ದಿನವೂ ಬಳಸಿದವನಿಗೆ ಬಿಟ್ಟ ತಿಂಗಳವರೆಗೂ ಪಾಸಿಟಿವ್ ಬರಬಹುದು. ನಿಜವಾಗಿ ಬಿಟ್ಟ ಹುಡುಗನನ್ನು ಸುಳ್ಳುಗಾರ ಎಂದು ಮಾಡಿ ಮೂರು ವಾರದ ಕಷ್ಟವನ್ನು ನೀರಿಗೆ ಹಾಕಿದಂತಾಗುತ್ತದೆ.

ಪೊಲೀಸರ ವಿಷಯ. "ಗಾಂಜಾ ಅಲ್ಲ" ಎಂಬ ಅವನ ಮಾತು ಕಾನೂನಿನಲ್ಲಿ ಅವನಿಗೇ ತಿರುಗುಬಾಣ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಹ್ಯಾಶಿಶ್ ಎಣ್ಣೆಯನ್ನು ಗಾಂಜಾದಲ್ಲಿ ಅಲ್ಲ, ಚರಸ್‌ನ ವ್ಯಾಖ್ಯೆಯಲ್ಲಿ ಸೇರಿಸಿದೆ. ಗಾಂಜಾಕ್ಕೆ "ಅಲ್ಪ ಪ್ರಮಾಣ" 1 ಕೆ.ಜಿ.ವರೆಗೆ ಇದ್ದರೆ ಚರಸ್‌ಗೆ ಬರೀ 100 ಗ್ರಾಂ. ಸೇವನೆಗೆ 27ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೆಳೆಯರಿಗೆ ದುಡ್ಡಿಗೆ ಒಂದೆರಡು ಕಾರ್ಟ್ ಕೊಡಿಸಿದರೂ ಅದು ಸೇವನೆಯಲ್ಲ, ಮಾರಾಟ. ಕೊರಿಯರ್ ಅವನ ಹೆಸರಿಗೆ ಬಂದರೂ ತೊಡಕು. ಇದನ್ನು ಅವನಿಗೆ ಬಿಡಿಸಿ ಹೇಳಿ. ಚಿಕಿತ್ಸೆ ಬಯಸಿ ಬರುವವರಿಗೆ ಅದೇ ಕಾಯ್ದೆಯ 64ಎ ಸೆಕ್ಷನ್ ದಾರಿ ಬಿಟ್ಟಿದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹಿಂದಕ್ಕೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕಿದೆ, ಮಾದಕವ್ಯಸನವೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಪೊಲೀಸರ ಹೆದರಿಕೆಯಿಂದ ಆಸ್ಪತ್ರೆ ತಪ್ಪಿಸಬೇಡಿ.

ವಾಂತಿ ಜೋರಿದ್ದರೆ ಮೊದಲು ವಿದ್ಯಾನಗರದ ಕಿಮ್ಸ್; ಅನುಮಾನ, ನಿದ್ದೆ, ಚಟಕ್ಕೆ ಅಲ್ಲಿನ ಮನೋವೈದ್ಯ ವಿಭಾಗ ಅಥವಾ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. "ಧಾರವಾಡಕ್ಕ ಕರಕೊಂಡು ಹೋಗಬೇಕು" ಎಂಬ ಮಾತನ್ನು ನಮ್ಮ ಕಡೆ ಬೈಗುಳವಾಗಿ ಬಳಸುವುದರಿಂದ ಹುಡುಗ ಮುನಿಸಿಕೊಂಡಾನು. ಹಾಗಿದ್ದರೆ ಮೊದಲು 14416ಕ್ಕೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ–ಮಾನಸ್‌ಗೆ, ಅವನೇ ಫೋನ್ ಮಾಡಲಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾದಕವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಇದೇ ತೊಂದರೆ ಇರುವ ಗದಗ, ಹಾವೇರಿ ಕಡೆಯ ಓದುಗರು ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುವುದು ಮಂಗಳವಾರ. ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ.

ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಯಾವ ವಯಸ್ಸಿಗೆ ಶುರು, ಈಗ ಒಂದು ಕಾರ್ಟ್ ಎಷ್ಟು ದಿನ, ಕೊನೆಯ ಪಫ್ ಯಾವಾಗ, ವಾಂತಿ ಬಂದ ದಿನಾಂಕಗಳು, ಬಿಸಿನೀರಿನಿಂದ ಎಷ್ಟು ಹೊತ್ತು ಆರಾಮ, ತೂಕ ಎಷ್ಟು ಇಳಿದಿದೆ, ಅನುಮಾನ ಪೆನ್ನಿಲ್ಲದ ದಿನವೂ ಇದೆಯೇ, ಮನೆತನದಲ್ಲಿ ಮಾನಸಿಕ ಕಾಯಿಲೆ, ಜೊತೆಗೆ ಗುಟ್ಕಾ, ಕುಡಿತ, ಬೇರೆ ಮಾತ್ರೆ. ಹಳೆಯ ಎಂಡೋಸ್ಕೋಪಿ ವರದಿಯನ್ನೂ ಒಯ್ಯಿರಿ, ಅದನ್ನೇ ಮತ್ತೊಮ್ಮೆ ಮಾಡಿಸುವುದು ತಪ್ಪುತ್ತದೆ. ಬೆಳಗಿನ ಸರದಿ ಇರುವುದರಿಂದ ಬೈಕಿನಲ್ಲಿ ಅವನೊಬ್ಬನನ್ನೇ ಕಳಿಸಬೇಡಿ. ಬಸ್ಸಿಗೆ ಹೋಗುವುದಾದರೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಓಆರ್‌ಎಸ್ ಬಾಟಲಿ ಇರಲಿ.